ಹಗ್ಗ ಯಾರ ಕೈಲಿ?

ಗುರುವಾರ, ಮಾರ್ಚ್ ೧೩

ಪುಟ್ಟಕ್ಕನಿಗೆ,

ತಾತ ಮಾಡುವ ಆಶೀರ್ವಾದ. ನಾವೆಲ್ಲ ಕ್ಷೇಮ. ಹಾಸ್ಟೆಲಿನಲ್ಲಿ ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಹನ್ನೆರಡು ದಿನವಾಯಿತು. ತಡವಾಯಿತೆಂದು ಬೈಯಬೇಡ, ಮೂರು ಸಲ ಬರೆದು ಹರಿದೆ. ಸಿಮೆಂಟು ಚೀಲದ ಮೇಲಿನ ಅಕ್ಷರ ಕೂಡಿಸಿ ಓದು ಕಲಿತವನು ನಾನು. ಇಂಥ ವಿಷಯಕ್ಕೆ ಆ ಅಕ್ಷರ ಸಾಲುತ್ತಿಲ್ಲ.

ಮುಂದಿನ ತಿಂಗಳು ನಿಮ್ಮ ವೇದಿಕೆ ಹತ್ತಿ ನಾನೇ ಜನರಿಗೆ ಹಾಡು ಹೇಳಿಕೊಡಬೇಕೆಂದು ಕೇಳಿದ್ದೀಯ. ಮೊದಲು ಅವತ್ತಿನದು ಹೇಳುತ್ತೇನೆ.

ನಿಮ್ಮ ಮೆರವಣಿಗೆ ನೋಡಲು ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದೆ. ಕಲ್ಲಿದ್ದಲು ಸುಡುವುದು ನಿಲ್ಲಲಿ, ಭೂಮಿ ಕಾದ ಹೆಂಚಾಗಿದೆ ಎಂದು ಬರೆದ ಹಲಗೆಗಳು ಬಂದವು. ಹಿಂದೆಯೇ ನಿನ್ನ ದನಿ. "ಗಾಳಿ ಯಾರ ಕೈಲಿ?" ಎಂದು ನೀನು. "ನಮ್ಮ ಕೈಲಿ" ಎಂದು ಸಾವಿರಾರು ಜನ. ಅದು ನಿನ್ನ ತೊಟ್ಟಿಲ ಪಕ್ಕ ನಾನು ಗುನುಗಿದ್ದ ಹಾಡು. ಅದಕ್ಕೂ ಮೊದಲು, ವಿದ್ಯುತ್ ಸ್ಥಾವರದ ಆ ಕಬ್ಬಿಣದ ಚಿಮ್ನಿಯನ್ನು ತುಂಡುತುಂಡಾಗಿ ಮೇಲೆತ್ತಲು ನಾನೇ ಕಟ್ಟಿದ್ದ ಹಾಡು. ನಾನು "ಹಗ್ಗ ಯಾರ ಕೈಲಿ?" ಅನ್ನಬೇಕು, ನಲವತ್ತು ಜನ "ನಮ್ಮ ಕೈಲಿ" ಎಂದು ಎಳೆಯಬೇಕು. ಹೇಳುವವನು ನಿಲ್ಲಿಸಿದರೆ ಹಗ್ಗ ಸಡಿಲ. ಕೆಮ್ಮು ಬಂದರೂ ನುಂಗಿಕೊಂಡು ಹಾಡಬೇಕು.

ಚಿಮ್ನಿ ಕಾಣುವ ತಿರುವಿನಲ್ಲಿ ನೀನು ಕೈಯೆತ್ತಿ ಹಾಡು ನಿಲ್ಲಿಸಿದೆ. ಎಲ್ಲ ಗಪ್‌ಚಿಪ್, ತಲೆಯೆತ್ತಿ ಅದನ್ನೇ ನೋಡುತ್ತಿದ್ದರು. ಯೋಚಿಸಿಯೇ ಮಾಡಿದ್ದಿರಬೇಕು. ನನಗೆ ಮಾತ್ರ ಎಲ್ಲೋ ಹಗ್ಗ ಸಡಿಲವಾದಂತಾಯಿತು. ಯಾರೋ "ಹಗ್ಗ ಯಾರ ಕೈಲಿ?" ಎಂದು ಕಿರುಚಿದರು. ಅಂಗಡಿಯವನು ತಿರುಗಿ ನನ್ನ ಮುಖ ನೋಡಿದ ಮೇಲೇ ಅದು ನನ್ನದೇ ಗಂಟಲು ಎಂದು ತಿಳಿದದ್ದು. ಅಷ್ಟೂ ಜನ "ನಮ್ಮ ಕೈಲಿ" ಅಂದರಲ್ಲ, ನಲವತ್ತಾರು ವರ್ಷ ಕಳೆದ ಮೇಲೆ ಉತ್ತರ ಬಂದ ಹಾಗಾಯಿತು.

ನಾನು ಕೂಗಿದ್ದನ್ನು ಯಾರೋ ಹಿಡಿದ ವಿಡಿಯೊ ಸ್ಥಾವರದಲ್ಲೂ ಓಡಾಡಿದೆ. ಚಿಮ್ನಿ ಎತ್ತಿದ ಮುದುಕನೇ ಕೆಡವಲು ಹೊರಟನಲ್ಲಪ್ಪ ಎಂದು ಜೊತೆ ಕೆಲಸದವರು ನಿಮ್ಮಪ್ಪನನ್ನು ಕ್ಯಾಂಟೀನಿನಲ್ಲಿ ಛೇಡಿಸಿದರಂತೆ. ಮನೆಗೆ ಬಂದವನು ಚಪ್ಪಲಿಯನ್ನೂ ಬಿಡದೆ ಕೇಳಿದ:

"ನಾನು ಹುಟ್ಟಿದ ದಿನ ಪ್ರತಿ ವರ್ಷ ಮುಖ ಊದಿಸ್ಕೊಂಡು ಮೂಲೆ ಹಿಡಿಯೋನು ನೀನು. ಈಗ ಕಂಡೋರ ಮೆರವಣಿಗೇಲಿ ಹಾಡ್ತೀಯಾ?"

ಅವತ್ತಿನಿಂದ ಮಾತಿಲ್ಲ. ನನ್ನ ನೀರಿನ ಲೋಟವನ್ನು ಮೇಜಿನ ಮೇಲೆ ಕುಕ್ಕಿ ಹೋಗುತ್ತಾನೆ.

ಪುಟ್ಟಕ್ಕ, ನಾನು ಚಳವಳಿಗೆಂದು ಕೂಗಿದ್ದಲ್ಲ. ಸುಳ್ಳು ಹೊತ್ತುಕೊಂಡು ವೇದಿಕೆ ಹತ್ತಲಾರೆ. ಹಾಗೆಂದು ನೀವು ಹೇಳುವುದು ತಪ್ಪೆಂದಲ್ಲ. ಈ ಬಿಸಿಲು ನನ್ನ ಬೋಳುತಲೆಯನ್ನೂ ಬಿಟ್ಟಿಲ್ಲ. ಹಾಡು ಇನ್ನು ನಿನ್ನದು, ಇಟ್ಟುಕೋ. ಒಂದೇ ಮಾತು ನಡೆಸಿಕೊಡು: ನಡುವೆ ನಿಲ್ಲಿಸಬೇಡ.

ದನಿ ಗಟ್ಟಿಯಾಗಿರಲಿ, ನೂರು ಕಾಲ ಬಾಳು ತಾಯಿ.

ಇತಿ,
ನಿನ್ನ ತಾತ

ಮರೆತ ಮಾತು: ಮರೆತದ್ದೂ ಅಲ್ಲ. ಚಿಮ್ನಿಯ ಕೊನೆಯ ತುಂಡು ಎತ್ತುತ್ತಿದ್ದಾಗ ಯಾರೋ ಓಡಿಬಂದು, "ಗಂಡು ಮಗು ಕಣೋ ನಿಂಗೆ" ಅಂದರು. ನಾನು ನಕ್ಕೆ. ಒಂದು ಉಸಿರಿನಷ್ಟು ಹೊತ್ತು ಹಾಡು ನಿಂತಿತು, ತುಂಡು ಜಾರಿತು. ಕೆಳಗಿದ್ದವನು ನನ್ನ ಜೀವದ ಗೆಳೆಯ. ಉದ್ದಣ್ಣ ಎಂದು ಕರೆಯುತ್ತಿದ್ದೆವು. ನಿಮ್ಮಪ್ಪನಿಗೆ ಇದು ಇವತ್ತಿಗೂ ಗೊತ್ತಿಲ್ಲ. ಈ ಕಾಗದ ಅವನಿಗೆ ನೀನೇ ಓದಿ ಹೇಳುತ್ತೀಯಾ? ನಾನು ಹೇಳಹೋದರೆ ನಡುವೆ ನಿಂತುಬಿಡುತ್ತೇನೆ.