ಮೆಕ್ಕೆಜೋಳದ ಹೊಲಕ್ಕೆ ಬಿದ್ದ ಚೆಂಡು

ಹ್ಯಾಡ್ಲಿ ಕ್ರೀಕ್, ನೆಬ್ರಾಸ್ಕಾ
ಆಗಸ್ಟ್ 20, 2018

ಪ್ರೀತಿಯ ತಂಗಿ ಲವೋನ್,

ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯದೆ ಕೂತಿದ್ದೇನೆ, ಎಷ್ಟು ಬೈದರೂ ಸರಿಯೇ. ಅರಿಜೋನಾದ ಬಿಸಿಲು ಒಗ್ಗಿತೇ? ನನ್ನ ನೆಪ ಕೇಳಿದರೆ ನಗುತ್ತೀ. ಅಂಗೈ ತುಂಬ ಬೊಬ್ಬೆ ಎದ್ದು ಪೆನ್ನು ಹಿಡಿಯಲಾಗುತ್ತಿರಲಿಲ್ಲ. ಅರವತ್ತಾರನೇ ವಯಸ್ಸಿನಲ್ಲಿ ನಿನ್ನ ಅಕ್ಕ ಬೇಸ್‌ಬಾಲ್ ಬ್ಯಾಟು ಹಿಡಿದಿದ್ದಾಳೆ!

ಎಲ್ಲ ನಮ್ಮ ಅಣ್ಣ ಡ್ವೇನ್‌ನ ದೆಸೆಯಿಂದ. ಕಳೆದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದಲ್ಲಿ ಹುರಿದ ಟರ್ಕಿ ಕೋಳಿ ಕತ್ತರಿಸುತ್ತಾ ಮೊಮ್ಮಕ್ಕಳಿಗೆ ನನ್ನನ್ನು ತೋರಿಸಿ, "ಇವಳು ಯಾರು ಗೊತ್ತಾ? ನಮ್ಮನೆ ಚೆಂಡು ಹೆಕ್ಕೋಳು! ನಾನು ಎಸೀತಿದ್ದೆ, ಇವಳು ಓಡ್ತಿದ್ಲು" ಎಂದ. ಐವತ್ತು ವರ್ಷದಿಂದ ಅದೇ ಮಾತು. ಎಲ್ಲರ ಜೊತೆ ನಾನೂ ನಕ್ಕೆ, ಸಿಟ್ಟು ಮಾತ್ರ ಆರಲಿಲ್ಲ.

ಡ್ವೇನ್‌ಗೆ ಹದಿನೆಂಟು, ನನಗೆ ಹದಿನಾಲ್ಕು; ನೀನು ಆಗ ಆರು ವರ್ಷದವಳು, ನೆನಪಿರಲಾರದು. ಅಪ್ಪ ಹಿತ್ತಲಲ್ಲಿ ದಿನಾ ಡ್ವೇನ್‌ನಿಂದ ಚೆಂಡು ಎಸೆಯಿಸುತ್ತಿದ್ದ. ಒಂದು ದಿನ ಅಪ್ಪ ಒಳಗೆ ಹೋದಾಗ ಡ್ವೇನ್ ತಮಾಷೆಗೆ ನನಗೊಂದು ಎಸೆದ. ನಾನು ಬೀಸಿದೆ, ಚೆಂಡು ಕೊಟ್ಟಿಗೆಯ ಮಾಡು ದಾಟಿ ಹೋಯಿತು. ಮರುದಿನದಿಂದ ನಾನು ಬ್ಯಾಟು ಮುಟ್ಟಿದರೆ ಅಪ್ಪ ಕಿತ್ತುಕೊಳ್ಳುತ್ತಿದ್ದ. ಡ್ವೇನ್ ಚಾಡಿ ಹೇಳಿದ್ದಾನೆ ಎಂದೇ ನಾನು ತಿಳಿದಿದ್ದೆ, ಹಾಗೆಂದು ಅವನಿಗೆ ಬೈದೂ ಇದ್ದೆ.

ಅದಕ್ಕೇ ಈ ವಸಂತದಲ್ಲಿ, ಶಾಲೆಯವರು ಬೇಡವೆಂದು ಹೊರಗಿಟ್ಟಿದ್ದ ಚೆಂಡೆಸೆಯುವ ಯಂತ್ರವನ್ನು ಹಿತ್ತಲಿಗೆ ತಂದೆ. ಎರಡು ಚಕ್ರ ಗರಗರ ತಿರುಗುತ್ತವೆ, ನಡುವೆ ಚೆಂಡು ತೂರಿಸಿದರೆ ಸುಂಯ್ ಎಂದು ಬರುತ್ತದೆ. ಹೊಡೆಯುವವರು ಸಿದ್ಧವಾಗಲೆಂದು ಹಾಕುವವರು ಚೆಂಡನ್ನು ತಲೆಯ ಮೇಲೆತ್ತಿ ತೋರಿಸಿಯೇ ಹಾಕಬೇಕು. ನಿನ್ನ ಭಾವ ವರ್ಲಿನ್ ಹವಾಮಾನದ ಮಾತಾಡುತ್ತಾ ತೋರಿಸುವುದನ್ನೇ ಮರೆತು ಎರಡು ಸಲ ನನ್ನ ಮೊಣಕಾಲು ಊದಿಸಿದ. ಯಂತ್ರಕ್ಕೆ ನಾನು ಡ್ವೇನ್‌ನ ಫೋಟೋ ಅಂಟಿಸಿದ್ದೆ.

"ಇಷ್ಟೊಂದು ಸಿಟ್ಟು ಯಾಕೆ ಮಾರಾಯ್ತಿ, ಅಣ್ಣ ಅಲ್ವಾ" ಎಂದ ವರ್ಲಿನ್.

"ಇನ್ನೂ ಜೋರು ಮಾಡ್ರೀ" ಎಂದೆ. ಹದಿನೆಂಟರ ಡ್ವೇನ್ ಎಸೆಯುತ್ತಿದ್ದ ವೇಗಕ್ಕೆ ತಿರುಗಿಸಿ, ದಿನಕ್ಕೆ ನೂರು ಚೆಂಡು ಹೊಡೆದೆ.

ಮೊನ್ನೆ ಶನಿವಾರ ಊರ ಪಿಕ್ನಿಕ್ಕಿನ ಆಟ. ಎಂದಿನಂತೆ ಡ್ವೇನನೇ ಚೆಂಡೆಸೆಯುವವನು. ನಾನು ಬ್ಯಾಟು ಹಿಡಿದು ನಿಂತದ್ದೇ ತಡ, ನಿಂಬೆ ಪಾನಕದ ಮೇಜಿನ ಹೆಂಗಸರೂ ಎದ್ದು ನಿಂತರು. ಮೊದಲ ಚೆಂಡು. ಬೀಸಿದೆ, ಗಾಳಿ. ಎರಡನೆಯದು. ಮತ್ತೆ ಗಾಳಿ. ಚೆಂಡಿನ್ನೂ ಅರ್ಧ ದಾರಿಯಲ್ಲಿರುವಾಗಲೇ ನನ್ನ ಬ್ಯಾಟು ತಿರುಗಿ ಆಗಿತ್ತು.

"ಬೀಸು ಬೀಸು ಮಾರ್ಲಿಸ್, ಸೆಖೆ ಜಾಸ್ತಿ ಇದೆ!" ಡ್ವೇನ್ ಹಲ್ಲು ಕಿರಿದ.

ಬದಿಯಿಂದ ವರ್ಲಿನ್ ಕೂಗಿದ: "ಅದು ಮೆಷಿನ್ ಅಲ್ಲ ಕಣೇ, ಎಪ್ಪತ್ತು ವರ್ಷದ ಮುದುಕ! ತಡ್ಕೋ!"

ಆಗ ಹೊಳೆಯಿತು ನೋಡು. ನಾನು ಐದು ತಿಂಗಳು ಅಭ್ಯಾಸ ಮಾಡಿದ್ದು ಈಗ ಇಲ್ಲದೇ ಇರುವ ಒಬ್ಬ ಹುಡುಗನ ಚೆಂಡಿಗೆ. ಮೂರನೆಯದಕ್ಕೆ ಹಲ್ಲು ಕಚ್ಚಿ ಕಾದೆ. ಬಂತು, ನಿಧಾನವಾಗಿ. ಕೊಟ್ಟೆ ಒಂದು! ಬೇಲಿ ದಾಟಿ, ತಲೆಗಿಂತ ಎತ್ತರ ಬೆಳೆದ ಮೆಕ್ಕೆಜೋಳದ ಹೊಲದೊಳಗೆ ಬಿತ್ತು.

ನಮ್ಮೂರ ನಿಯಮ ನಿನಗೆ ಗೊತ್ತೇ ಇದೆ: ಹೊಲಕ್ಕೆ ಹೋದ ಚೆಂಡನ್ನು ಎಸೆದವನೇ ತರಬೇಕು. ಇಡೀ ಊರಿಗೆ ಕೇಳುವಂತೆ, "ಹೋಗು ಡ್ವೇನ್, ಹೆಕ್ಕೊಂಡು ಬಾ!" ಎಂದೆ. ನೋಯುವ ಮಂಡಿ ಎಳೆಯುತ್ತಾ ಅವನು ಒಳಗೆ ಹೋದ. ಜನ ಬಿದ್ದು ಬಿದ್ದು ನಗುತ್ತಿದ್ದರು. ಅವನು ಕಾಲು ಗಂಟೆ ಹುಡುಕಿದ. ಪ್ರತಿ ನಿಮಿಷವೂ ನನಗೆ ಸಿಹಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ನೀನೂ ಮಕ್ಕಳೂ ತಣ್ಣಗಿರಿ. ನಿನ್ನ ಮೊಮ್ಮಗಳು ಏನು ಆಡಬೇಕೆಂದರೂ ಆಡಲು ಬಿಡು, ಅವಳಿಗೆ ನನ್ನ ಆಶೀರ್ವಾದ.

ನಿನ್ನ ಅಕ್ಕ,
ಮಾರ್ಲಿಸ್

ಮರೆತ ಮಾತು: ಡ್ವೇನ್ ಹೊಲದಿಂದ ಬಂದಾಗ ಮುಖವೆಲ್ಲ ಜೋಳದ ಗರಿ ಗೀರಿತ್ತು. ಚೆಂಡನ್ನು ನನ್ನ ಕೈಯಲ್ಲಿಟ್ಟು ಮೆಲ್ಲಗೆ ಹೇಳಿದ: "ನಾನು ಚಾಡಿ ಹೇಳಿರ್ಲಿಲ್ಲ ಕಣೆ. ಅವತ್ತು ಅಪ್ಪ ಕಿಟಕೀಲಿ ನಿಂತು ನೋಡಿದ್ದ. 'ಇವಳು ನಿನಗಿಂತ ಚೆನ್ನಾಗಿ ಆಡ್ತಾಳೆ. ಇನ್ನೊಂದು ಎಸೆದು ಅವಳು ಹೊಡೆದ್ರೆ ನಾಚಿಕೆಗೆ ನೀನು ಆಟಾನೇ ಬಿಡ್ತೀಯ. ಅವಳಿಗೆ ಹೇಳ್ಬೇಡ' ಅಂದ." ಅಪ್ಪನಿಗೆ ಗೊತ್ತಿತ್ತು, ಲವೋನ್. ಗೊತ್ತಿದ್ದೂ ನನ್ನನ್ನು ಚೆಂಡು ಹೆಕ್ಕಲು ಓಡಿಸಿದ. ನಿನ್ನೆ ಅವನ ಸಮಾಧಿಗೆ ಹೋಗಿದ್ದೆ. ಹೂವಿಡಲಿಲ್ಲ. ಆ ಚೆಂಡನ್ನು ಸ್ಮಶಾನದ ಬೇಲಿಯಾಚೆಯಿಂದಲೇ ಒಳಗೆ ಎಸೆದು, "ಹೋಗು, ಹೆಕ್ಕೋ" ಎಂದು ಹೇಳಿ ಬಂದೆ.