ಬಿಸ್ಕೊಚೊ ತರಬೇಕಾದವರು

ಮಾಂಟೆವಿಡಿಯೊ, ಬುಧವಾರ

ದೋನ್ ಎಲ್ಬಿಯೊ ಮೇಷ್ಟ್ರಿಗೆ ಮಹೇಲಾಳ ನಮಸ್ಕಾರ.

ಬಂದರಿನ ಹಡಗುಗಳ ಸರದಿ ನೋಡಿಕೊಳ್ಳುವ ನಿಮ್ಮ ಸಿ ಭಾಷೆಯ ಪ್ರೋಗ್ರಾಮು ನಿನ್ನೆ ಮತ್ತೆ ಕೆಟ್ಟು ನಿಂತಿತು. ನಮ್ಮ ಕಚೇರಿಯ ಪದ್ಧತಿ ನಿಮಗೆ ಗೊತ್ತೇ ಇದೆ: ಯಾರು ಬರೆದ ಸಾಲಿನಲ್ಲಿ ಅದು ಎಡವಿತೋ ಅವರು ಸಂಜೆ ಯೆರ್ಬಾ ಎಲೆಯ ಕಷಾಯ ಕುಡಿಯುವ ಹೊತ್ತಿಗೆ ಎಲ್ಲರಿಗೂ ಬೇಕರಿಯ ಬಿಸ್ಕೊಚೊ ತಿಂಡಿ ತರಬೇಕು. ಕೆಟ್ಟಾಗ ಪರದೆಯ ಮೇಲೆ ಬರುತ್ತಿದ್ದುದು ಕೋಡಿನ ಯಾವ ಜಾಗದಲ್ಲಿ ಎಡವಿತು ಎನ್ನುವ ಬರೀ ಸಂಖ್ಯೆಗಳು; ಅದು ಯಾರ ಸಾಲು ಎಂದು ನಮಗೆ ತಿಳಿಯುತ್ತಿರಲಿಲ್ಲ. ಹಾಗಾಗಿ ನೀವು ನಿವೃತ್ತರಾದ ಮೇಲೆ ತೀರ್ಪು ನನ್ನದೇ: "ಹಳೇ ಕೋಡು, ಮೇಷ್ಟ್ರದ್ದೇ ತಪ್ಪು." ನೀವು ಫೋನಿನಲ್ಲಿ ಆ ಸಂಖ್ಯೆಗಳನ್ನು ನಿಧಾನವಾಗಿ ಓದಿಸಿಕೊಂಡು, "ಹೂಂ ಕಣಮ್ಮ, ನಂದೇ ಇರ್ಬೇಕು ಬಿಡು," ಎಂದು ನಕ್ಕು, ಮರುದಿನವೇ ಬೇಕರಿಯಿಂದ ಡಬ್ಬಿ ಕಳಿಸುತ್ತಿದ್ದಿರಿ. ಹೀಗೆ ನಾಲ್ಕು ಸಲ ಆಯಿತು.

ಈ ಸಲ ನಾನು ಸಂಖ್ಯೆಗಳ ಬದಲು ಕೋಡಿನ ತುಂಡುಗಳ, ಅಂದರೆ ಫಂಕ್ಷನ್‌ಗಳ, ಹೆಸರೇ ಅಚ್ಚಾಗುವಂತೆ ಮಾಡಿದೆ. ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂಬುದು ಕೆಳಗಿನಿಂದ ಮೇಲಕ್ಕೆ ಸ್ಪಷ್ಟವಾಗಿ ಬಂತು. ಕೆಳಗಿನ ಆರೂ ನಿಮ್ಮವು, ಒಂದೂ ಎಡವಿಲ್ಲ. ಎಡವಿದ್ದು ಎಲ್ಲಕ್ಕಿಂತ ಮೇಲಿನದು. ನೀವು ಹೋದ ಮೇಲೆ ನಾನು ಸೇರಿಸಿದ್ದು. ಹಿಂದಿನ ಸಂಖ್ಯೆಗಳನ್ನು ಬರೆದಿಟ್ಟ ಹಳೆಯ ಕಾಗದಗಳನ್ನು ತೆಗೆದು ನೋಡಿದರೆ ನಾಲ್ಕು ಸಲವೂ ಅದೇ ಜಾಗ.

"ತಪ್ಪು ನಿಂದು, ತಿಂಡಿ ಅವರದ್ದು. ಚೆನ್ನಾಗಿದೆ ಕಣೇ," ಎಂದ ಪಕ್ಕದ ಮೇಜಿನ ರಾಮಿರೊ. ಎಲ್ಲರೂ ನಕ್ಕರು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಒಂದು ಅನುಮಾನ, ಮೇಷ್ಟ್ರೇ. ನಿಮ್ಮ ಕೋಡು ಯಾವ ಸಂಖ್ಯೆಗೆ ಮುಗಿಯುತ್ತದೆ ಎಂಬುದು ನಿಮಗೆ ಬಾಯಿಪಾಠವಿತ್ತು; ನಾನು ಓದಿದ ಸಂಖ್ಯೆ ಅದನ್ನು ದಾಟಿದೆ ಎಂದು ಫೋನಿನಲ್ಲೇ ತಿಳಿದಿತ್ತು, ಅಲ್ಲವೇ?

ಶುಕ್ರವಾರ ನಾಲ್ಕು ಗಂಟೆಗೆ ಬನ್ನಿ. ದಯವಿಟ್ಟು ಬರಿಗೈಯಲ್ಲಿ ಬನ್ನಿ.

ಇಂತಿ,
ಎಲ್ಲಕ್ಕಿಂತ ಮೇಲಿನ ಸಾಲಿನವಳು,
ಮಹೇಲಾ