ಹಳದಿ ಗುರುತಿನ ಇಲಿಗಳು

ಪ್ರೀತಿಯ ಮುತ್ತಮ್ಮಾಳಕ್ಕ,

ನಿಮಗೆ ಕನ್ನಡ ಓದಲು ಬಾರದು, ನನಗೆ ತಮಿಳು ಬರೆಯಲು ಬಾರದು. ಭಾನುವಾರ ಅನ್ನೂರಿಗೆ ಬಂದು ಈ ಪತ್ರವನ್ನು ನಾನೇ ಓದಿ ಹೇಳುತ್ತೇನೆ. ಬಾಯಲ್ಲೇ ಹೇಳಹೊರಟರೆ, ನಿಮ್ಮ ಮುಖ ನೋಡಿ ನನ್ನ ತಪ್ಪನ್ನು ಅರ್ಧಕ್ಕೆ ಇಳಿಸಿಬಿಡುತ್ತೇನೇನೋ ಎಂಬ ಅನುಮಾನ.

ನಾಲ್ಕು ವರ್ಷ ನೀವು ನಮ್ಮ ಪ್ರಯೋಗಾಲಯದ ಇಲಿಗಳನ್ನು ನೋಡಿಕೊಂಡಿರಿ. ಅವು ದಿನವೂ ತಣ್ಣೀರಿನಲ್ಲಿ ಈಜಿ ದಣಿಯಬೇಕಿತ್ತು. ಆ ದಣಿವು ಹೃದಯದ ಸ್ನಾಯುಕೋಶಗಳನ್ನು ಏನು ಮಾಡುತ್ತದೆ, ನನ್ನ ಔಷಧ ಅದನ್ನು ತಡೆಯುತ್ತದೆಯೇ ಎಂಬುದು ನನ್ನ ಪ್ರಶ್ನೆ. ಔಷಧ ಕೊಟ್ಟ ಇಲಿಗಳ ತಲೆಗೆ ಗುರುತಿಗೆಂದು ಹಳದಿ ಬಣ್ಣ ಹಚ್ಚುತ್ತಿದ್ದೆ. ಕೊನೆಗೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಗುರುತಿಲ್ಲದವುಗಳ ಕೋಶಗಳು ಊದಿಕೊಂಡು ಎಳೆಗಳು ಹರಿದಿದ್ದವು. ಹಳದಿಯವುಗಳದು ಮಗ್ಗದಿಂದ ಈಗಷ್ಟೇ ಇಳಿಸಿದ ಬಟ್ಟೆಯಷ್ಟು ಅಚ್ಚುಕಟ್ಟು. ಔಷಧ ಗೆದ್ದಿತೆಂದು ಬರೆದೆ. ಲೇಖನ ಪ್ರಕಟಣೆಗೆ ಒಪ್ಪಿಗೆಯೂ ಆಯಿತು.

ನೀವು ಕೆಲಸ ಬಿಟ್ಟ ದಿನ ಟೀ ಕುಡಿಯುತ್ತಾ ಅಂದಿರಿ: "ಮಂಜಳು ಇಟ್ಟವಕ್ಕೆ ಮಾತ್ರ ದಿನಾ ಕೊಂಜ ಸುಡುನೀರು ಬೆರೆಸಿಡ್ತಿದ್ದೆ, ನನ್ನ ಕಣ್ಣು. ಅಮ್ಮೆ ಬಂದು ಎದ್ದ ಕೂಸಿಗೆ ಯಾರಾದರೂ ತಣ್ಣೀರು ಹುಯ್ತಾರಾ?"

ನನ್ನ ಗುರುತು ನಿಮಗೆ ಸಿಡುಬು ಇಳಿದ ಮಕ್ಕಳಿಗೆ ಹಚ್ಚುವ ಅರಿಶಿನವಾಗಿ ಕಂಡಿತ್ತು. ಅದು ಏನೆಂದು ನಾಲ್ಕು ವರ್ಷದಲ್ಲಿ ಒಮ್ಮೆಯೂ ನಾನು ಹೇಳಿರಲಿಲ್ಲ. ಇನ್ನೊಂದು ಮಾತು, ಇದು ನಿಮಗೂ ಗೊತ್ತಿಲ್ಲ. ಗುರುತಿಲ್ಲದ ಇಲಿಗಳು ಈಜುವ ಮೊದಲ ತೊಟ್ಟಿಯ ನೀರನ್ನಷ್ಟೇ ಅಳೆದು, ಹಳದಿಯವುಗಳ ತೊಟ್ಟಿಗೂ ಅದೇ ಅಂಕಿ ಬರೆಯುತ್ತಿದ್ದೆ. ಒಂದು ದಿನ ಬೆರಳು ಅದ್ದಿದ್ದರೂ ಸಾಕಿತ್ತು.

ಹನ್ನೊಂದು ದಿನ ಸುಮ್ಮನಿದ್ದೆ. ಔಷಧವೂ ಸ್ವಲ್ಪ ಕೆಲಸ ಮಾಡಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಮಾಡಿರಲೂಬಹುದು, ಆದರೆ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ನಂಬಿ ನಾಳೆ ಯಾರೋ ಒಬ್ಬ ಹೃದ್ರೋಗಿ ಅದನ್ನು ನುಂಗಬಾರದು. ನಿನ್ನೆ ಲೇಖನ ಹಿಂತೆಗೆದುಕೊಂಡೆ. ನಮ್ಮ ಮುಖ್ಯಸ್ಥ ಹರಿಹರನ್ ಸರ್ "ಇಲಿ ನೋಡಿಕೊಳ್ಳೋ ಆಯಾಳ ತಪ್ಪು ಅಂತ ಬರೆದುಬಿಡಿ, ಮೇಡಂ" ಅಂದರು. ಆಗುವುದಿಲ್ಲ ಅಂದೆ. ಕಾರಣದ ಕೆಳಗೆ ಬರೆದಿರುವುದು ನನ್ನ ಹೆಸರು.

ಆದ್ದರಿಂದ ಇದನ್ನು ಕೇಳಿ ನೀವು ಅಳಬಾರದು, ಕೈ ಮುಗಿಯಬಾರದು. ನಾನು ಥರ್ಮಾಮೀಟರ್ ತರುತ್ತೇನೆ. ಅಂದು ಬೆರೆಸುತ್ತಿದ್ದ ಹಾಗೆಯೇ ಒಂದು ಬಕೆಟ್ ನೀರು ಬೆರೆಸಿಕೊಡಿ. ನಾನು ಅಳೆಯದೆ ಬಿಟ್ಟ ಆ ಎರಡನೆಯ ತೊಟ್ಟಿಯ ನೀರನ್ನು ಈಗಲಾದರೂ ಅಳೆಯುತ್ತೇನೆ.

ಆ ನೀರು ಬೆರೆಸಿದ ಕೈ ತಣ್ಣಗಿರಲಿ, ಅಕ್ಕಾ.

ಭಾನುವಾರ ಬರುವ,
ದ್ರಾಕ್ಷಾಯಣಿ